ಬಿದ್ದವರನ್ನು ಎತ್ತಿದ ಕೈಗಳು



ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯೆಂದರೆ ಕಲ್ಲು ಗಾರೆಗಳ ಚರಿತ್ರೆ ಮಾತ್ರವಲ್ಲ. ಬಿದ್ದವರು ಎದ್ದು ನಿಂತ ಚರಿತ್ರೆಯೂ ಹೌದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಚದರಿರುವ ನಮ್ಮ ಕುಟುಂಬಗಳಲ್ಲಿ ಕುಡಿತದ ಕಣ್ಣೀರು ಕಾಣದ ಮನೆಗಳು ವಿರಳ. ಆ ಕಣ್ಣೀರನ್ನು ಒರೆಸಿದ್ದು ಯಾವುದೆಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ದಾಖಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಬಂದದ್ದು ಕಾನೂನು. 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಜಾರಿಯಾದಾಗ ಈ ನಾಡು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಆಡಳಿತದಲ್ಲಿತ್ತು. ನವಾಬರ ಸಂಸ್ಥಾನವಾಗಿದ್ದ ಸವಣೂರು ಅದರ ಹಿಂದಿನ ವರ್ಷವಷ್ಟೇ ವಿಲೀನಗೊಂಡಿತ್ತು. ಅಂಗಡಿಗಳು ಮುಚ್ಚಿದವು, ಆದರೆ ಕಳ್ಳಬಟ್ಟಿಯ ಒಲೆಗಳು ಆರಲಿಲ್ಲ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದಿನ ದಶಕದಲ್ಲಿ ನಿಷೇಧ ಸಡಿಲಗೊಂಡು ಸಾರಾಯಿ ಅಂಗಡಿಗಳು ತಲೆಯೆತ್ತಿದವು. 2007ರ ಜುಲೈ 1ರಿಂದ ಸಾರಾಯಿಯೂ ನಿಷಿದ್ಧವಾಯಿತು. ಇತರ ಮದ್ಯ ಉಳಿಯಿತು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು. ಮನಸ್ಸಿನ ದಾಹವನ್ನು ತಣಿಸಲಾರದು.

ಎರಡನೆಯದು ಉಪದೇಶ. ನಾವೂ ಹಲವು ವರ್ಷ ಪ್ರವಚನಪೀಠದಿಂದ ಕುಡುಕರನ್ನು ಗದರಿಸಿದೆವು. ಫಲವೇನು? ಅವರು ಕುಡಿತವನ್ನು ಬಿಡಲಿಲ್ಲ, ದೇವಾಲಯವನ್ನು ಬಿಟ್ಟರು. ಇದು ನಮ್ಮ ತಪ್ಪೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಮೂರನೆಯದು ಸಹವಾಸ. ಡಬ್ಲಿನ್ ನಗರದ ಕೂಲಿಯಾಳು ಮ್ಯಾಟ್ ಟಾಲ್ಬೊಟ್ 1884ರಲ್ಲಿ ಕುಡಿತ ಬಿಡುವ ಪ್ರತಿಜ್ಞೆ ಮಾಡಿದ್ದು ಮೊದಲಿಗೆ ಮೂರು ತಿಂಗಳಿಗೆ ಮಾತ್ರ. ಪ್ರತಿದಿನದ ಬಲಿಪೂಜೆಯ ಆಸರೆಯಲ್ಲಿ ಅದು 1925ರಲ್ಲಿ ತೀರಿಕೊಳ್ಳುವವರೆಗೂ ನಿಂತಿತು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಸಾರಿತು. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಒಬ್ಬ ಮದ್ಯವ್ಯಸನಿ ಮತ್ತೊಬ್ಬ ವ್ಯಸನಿಗೆ ತನ್ನ ಕಥೆ ಹೇಳಿಕೊಂಡದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅಲ್ಲಿನ ಸಂತ ತೋಮಸರ ಆಸ್ಪತ್ರೆಯಲ್ಲಿ 1939ರಿಂದ ಇಂಥವರಿಗೆ ಹಾಸಿಗೆ ಒದಗಿಸಿದವರು ಸಿಸ್ಟರ್ ಇಗ್ನೇಷಿಯಾ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳು ಕುಡಿತ ಬಿಟ್ಟವರ ಕೈಬಿಡುವುದಿಲ್ಲ. ಮತ ಬೇರೆಯಾದರೂ ಮರ್ಮವೊಂದೇ.

ನಮ್ಮ ಧರ್ಮಕೇಂದ್ರದಲ್ಲಿಯೂ ಭಾನುವಾರದ ಪೂಜೆಯ ಬಳಿಕ ಒಂದು ಚಿಕ್ಕ ಸಂಘ ಸೇರುತ್ತದೆ. ಅಲ್ಲಿ ಹೆಸರು ಬರೆಯುವುದಿಲ್ಲ, ಚಹಾ ಮಾತ್ರ ಉಂಟು. ಸುಗ್ಗಿಯ ಕೂಲಿಯನ್ನೆಲ್ಲ ಕುಡಿದು ಮುಗಿಸುತ್ತಿದ್ದ ಹಿರಿಯರೊಬ್ಬರು ವರ್ಷಗಟ್ಟಲೆ ದೇವಾಲಯದ ಬಾಗಿಲಲ್ಲೇ ನಿಂತು ಹೋಗುತ್ತಿದ್ದರು. ಕುಡಿತ ಬಿಟ್ಟ ತರುವಾಯ ಎರಡು ಬಾರಿ ಎಡವಿದರು. ಎರಡು ಬಾರಿಯೂ ಸಂಘದವರು ಅವರ ಮನೆಗೆ ಹೋಗಿ ಕರೆತಂದರು. ಇಂದು ಅವರು ಮಡದಿಯೊಡನೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವುಂಟು. ಆದ್ದರಿಂದ ಮೊದಲು ವೈದ್ಯರ ಬಳಿಗೆ, ಅಗತ್ಯವಿದ್ದರೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ, ಜೊತೆಗಾರರೊಬ್ಬರು ಕರೆದೊಯ್ಯುವುದು ಈ ಸಂಘದ ನಿಯಮ.

ಕಡೆಯದಾಗಿ ಒಂದು ಬಿನ್ನಹ. ಶತಮಾನೋತ್ಸವದ ಸಹಭೋಜನದಲ್ಲಾಗಲಿ, ಆ ದಿನ ನಿಮ್ಮ ಮನೆಗಳಲ್ಲಾಗಲಿ ಮದ್ಯ ಹಂಚದಿರಿ. ನಮಗೆ ಅದೊಂದು ಸಂಜೆಯ ಸಂತೋಷವಾದೀತು. ಎದ್ದು ನಿಂತ ನಮ್ಮ ಸೋದರನಿಗೆ ಮತ್ತೆ ಬೀಳುವ ಕುಳಿಯಾದೀತು. ಕಳೆದುಹೋದ ಮಗನಿಗಾಗಿ ತಂದೆ ದಾರಿ ಕಾಯ್ದಂತೆ ಈ ದೇವಾಲಯದ ಬಾಗಿಲು ಮುಂದಿನ ನೂರು ವರ್ಷವೂ ತೆರೆದಿರಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.