ಶ್ವಾಸಕೋಶ ಕ್ಯಾನ್ಸರ್: ಬದುಕುಳಿಯುವ ಸಾಧ್ಯತೆ ತಿಳಿಸುವ ರೋಗನಿರೋಧಕ ವಂಶವಾಹಿಗಳು

ಶ್ವಾಸಕೋಶದ ಕ್ಯಾನ್ಸರ್ ಆರಂಭಿಕ ಹಂತದಲ್ಲಿಯೇ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯ ಮೂಲಕ ಗೆಡ್ಡೆಯನ್ನು ಪೂರ್ಣವಾಗಿ ತೆಗೆದ ನಂತರವೂ ಕೆಲವರಲ್ಲಿ ರೋಗ ಮರುಕಳಿಸುತ್ತದೆ. ಗೆಡ್ಡೆಯ ಗಾತ್ರ, ದುಗ್ಧಗ್ರಂಥಿಗಳಿಗೆ ಹಬ್ಬಿರುವ ಪ್ರಮಾಣ ಹಾಗೂ ದೇಹದ ಇತರ ಅಂಗಗಳಿಗೆ ಹರಡಿರುವಿಕೆಯನ್ನು ಆಧರಿಸಿ ವೈದ್ಯರು ರೋಗದ ಹಂತವನ್ನು ನಿರ್ಧರಿಸುತ್ತಾರೆ. ಆದರೆ ಒಂದೇ ಹಂತದಲ್ಲಿರುವ ಇಬ್ಬರು ರೋಗಿಗಳ ಭವಿಷ್ಯ ಒಂದೇ ಆಗಿರುವುದಿಲ್ಲ.

ಗೆಡ್ಡೆ ಎಂದರೆ ಕೇವಲ ಕ್ಯಾನ್ಸರ್ ಕೋಶಗಳ ರಾಶಿಯಲ್ಲ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶ, ಬಿ ಕೋಶ ಹಾಗೂ ಮ್ಯಾಕ್ರೋಫೇಜ್‌ಗಳೂ ಅದರಲ್ಲಿ ನೆಲೆಸಿರುತ್ತವೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ಮೇಲೆ ದಾಳಿ ನಡೆಸಿದರೆ, ಇನ್ನು ಕೆಲವು ಅದರ ಬೆಳವಣಿಗೆಗೇ ನೆರವಾಗುತ್ತವೆ. ಯಾವ ಪಕ್ಷದ ಕೈ ಮೇಲಾಗಿದೆ ಎಂಬುದರ ಸುಳಿವು ರೋಗನಿರೋಧಕ ವಂಶವಾಹಿಗಳ ಚಟುವಟಿಕೆಯಲ್ಲಿ ದೊರೆಯುತ್ತದೆ.

ಈ ನಿಟ್ಟಿನಲ್ಲಿ ಗಮನಾರ್ಹವಾದ ಅಧ್ಯಯನವೊಂದು 2017ರಲ್ಲಿ 'ಜಾಮಾ ಆಂಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 19 ಸಾರ್ವಜನಿಕ ದತ್ತಾಂಶ ಸಂಗ್ರಹಗಳಿಂದ 2,414 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ, 40 ವಂಶವಾಹಿಗಳನ್ನು ಒಳಗೊಂಡ 25 ಜೋಡಿಗಳನ್ನು ಗುರುತಿಸಿದರು.

ಪ್ರಯೋಗಾಲಯ ಬದಲಾದರೆ ವಂಶವಾಹಿಯ ಚಟುವಟಿಕೆಯ ಅಳತೆಯೂ ಬದಲಾಗುವುದು ಇಂತಹ ಪರೀಕ್ಷೆಗಳ ಹಳೆಯ ತೊಡಕು. ಜೋಡಿ ವಿಧಾನದಲ್ಲಿ ಒಂದೇ ಮಾದರಿಯೊಳಗೆ ಎರಡು ವಂಶವಾಹಿಗಳ ಪೈಕಿ ಯಾವುದು ಹೆಚ್ಚು ಸಕ್ರಿಯ ಎಂಬುದನ್ನಷ್ಟೇ ನೋಡಲಾಗುತ್ತದೆ. ಹೀಗಾಗಿ ಬೇರೆ ಬೇರೆ ಕಡೆಯ ಮಾದರಿಗಳಿಗೂ ಒಂದೇ ಅಳತೆಗೋಲು ಸಾಕಾಗುತ್ತದೆ. ಎಲ್ಲ ಜೋಡಿಗಳ ಫಲಿತಾಂಶ ಸೇರಿ ರೋಗಿಯ ಅಪಾಯಾಂಕವಾಗುತ್ತದೆ.

ಅಪಾಯಾಂಕ ಹೆಚ್ಚಿರುವವರಿಗೆ ಶಸ್ತ್ರಚಿಕಿತ್ಸೆಯ ಬಳಿಕ ಕೀಮೋಥೆರಪಿ ನೀಡುವುದು, ಕಡಿಮೆ ಇರುವವರನ್ನು ಅದರ ಅಡ್ಡಪರಿಣಾಮಗಳಿಂದ ಪಾರುಮಾಡುವುದು ಇದರ ಅಂತಿಮ ಗುರಿ. ಆದರೆ ಈ ಅಧ್ಯಯನ ಹಿಂದೆ ಚಿಕಿತ್ಸೆ ಪಡೆದವರ ದಾಖಲೆಗಳನ್ನು ಆಧರಿಸಿದ್ದು. ಅಪಾಯಾಂಕ ನೋಡಿ ಚಿಕಿತ್ಸೆ ನಿರ್ಧರಿಸಿದರೆ ರೋಗಿಯ ಆಯುಷ್ಯ ಹೆಚ್ಚುತ್ತದೆಯೇ ಎಂಬುದು ಹೊಸ ರೋಗಿಗಳ ಮೇಲಿನ ಕ್ಲಿನಿಕಲ್ ಪ್ರಯೋಗಗಳಿಂದಷ್ಟೇ ಸಾಬೀತಾಗಬೇಕು.

ಇಮ್ಯುನೊಥೆರಪಿಯ ಆಯ್ಕೆಗೆ ಆಸ್ಪತ್ರೆಗಳಲ್ಲಿ ನಡೆಸುವ ಪಿಡಿ-ಎಲ್1 ಪರೀಕ್ಷೆ ಇದಕ್ಕಿಂತ ಭಿನ್ನ. ಅದು ಔಷಧಕ್ಕೆ ಸ್ಪಂದಿಸುವ ಸಾಧ್ಯತೆಯನ್ನು ಅಂದಾಜಿಸಿದರೆ, ಅಪಾಯಾಂಕವು ಬದುಕುಳಿಯುವ ಸಾಧ್ಯತೆಯನ್ನು ಅಂದಾಜಿಸುತ್ತದೆ. ಅದು ಸಹ ಒಂದು ಗುಂಪಿನ ಸರಾಸರಿ ಲೆಕ್ಕವೇ ಹೊರತು, ಒಬ್ಬ ವ್ಯಕ್ತಿಯ ಆಯುಷ್ಯದ ಗಡುವಲ್ಲ.