ಕಣ್ಣಿನ ಹೂವಿನ ಚಿಕಿತ್ಸೆ: ಪಾರಪಟಲದ ಕಸಿಯಿಂದ ಜೀವಕೋಶದವರೆಗೆ

ಕಣ್ಣಿನ ಕಪ್ಪುಭಾಗದ ಮೇಲೆ ನಿಲ್ಲುವ ಬಿಳಿಯ ಕಲೆಯನ್ನು ನಮ್ಮ ನಾಡಿನವರು ‘ಹೂವು’ ಎಂದೂ, ಕಣ್ಣಿನೊಳಗಣ ಮಸೂರವು ಮಬ್ಬಾಗುವುದನ್ನು ‘ಪೊರೆ’ ಎಂದೂ ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಈ ಭೇದವು ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೂ ಕಾಣುತ್ತದೆ. ಪೊರೆಗಟ್ಟಿದ ಮಸೂರವನ್ನು ಶಲಾಕೆಯಿಂದ ಸರಿಸುವ ಕ್ರಮವನ್ನು ಸುಶ್ರುತಸಂಹಿತೆಯ ಉತ್ತರತಂತ್ರವು ವಿವರಿಸಿದೆ. ಆದರೆ ಅದೇ ಗ್ರಂಥವು ‘ಶುಕ್ರ’ವೆಂದು ಕರೆದಿರುವ ಹೂವಿಗೆ ಅಂಜನಾದಿ ಉಪಚಾರಗಳನ್ನು ಹೇಳಿ, ಆಳಕ್ಕಿಳಿದುದನ್ನು ಅಸಾಧ್ಯವೆಂದು ಬಿಟ್ಟಿದೆ. ಅಸಾಧ್ಯವೆನಿಸಿದ್ದ ಈ ವ್ಯಾಧಿಗೆ ಚಿಕಿತ್ಸೆಯು ಯಾವ ಕ್ರಮದಲ್ಲಿ ಬೆಳೆಯಿತು, ಅದು ಜೀವಕೋಶಗಳವರೆಗೆ ಏಕೆ ಇಳಿಯಬೇಕಾಯಿತು, ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂತಹ ಊರಿನ ದೃಷ್ಟಿಯಿಂದ ಈ ಬೆಳವಣಿಗೆಗೆ ಏನು ಬೆಲೆ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ನಾವು ವಿಚಾರಿಸುತ್ತೇವೆ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಬಾಗಿ ನಿಂತಿರುವ ತಿಳಿಯಾದ ಪೊರೆಯೇ ಪಾರಪಟಲ ಅಥವಾ ಕಾರ್ನಿಯ. ಇದರಲ್ಲಿ ರಕ್ತನಾಳಗಳಿಲ್ಲ. ಮೇಲೆ ಸದಾ ಸವೆದು ಸದಾ ಹೊಸದಾಗುವ ಹೊರಪದರ, ನಡುವೆ ದಪ್ಪನಾದ ತಂತುಪದರ, ಒಳಗೆ ನೀರನ್ನು ಹೊರದೂಡಿ ತಿಳಿಯನ್ನು ಕಾಯುವ ಒಂದೇ ಸಾಲಿನ ಕೋಶಗಳ ಒಳಪದರ ಇವು ಮುಖ್ಯವಾದವು. ಹುಣ್ಣಾಗಿ ಮಾಯ್ದಾಗ ತಂತುಪದರದಲ್ಲಿ ಉಳಿಯುವ ಗಾಯದ ಕಲೆಯೇ ಹೂವು. ಇದಕ್ಕೆ ಕಾರಣಗಳು ಬಹುಮಟ್ಟಿಗೆ ರೈತಾಪಿ ಬದುಕಿನಲ್ಲಿಯೇ ಇವೆ. ಮೆಕ್ಕೆಜೋಳದ ಗರಿ ತಾಗಿ ಗೀರಿದ ಕಣ್ಣಿಗೆ ಬೂಷ್ಟಿನ ಸೋಂಕು ತಗಲುವುದು, ಒಕ್ಕಣೆಯ ಹೊಟ್ಟು ಸಿಡಿಯುವುದು, ಎಲೆಯಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಬೀಳುವುದು, ಇವುಗಳ ಮೇಲೆ ಸೊಪ್ಪಿನ ರಸ ಹಿಂಡುವ ನಾಟಿ ಉಪಚಾರ, ಹೀಗೆ ಹಲವು. 2015ರಿಂದ 2019ರವರೆಗೆ ಭಾರತದಲ್ಲಿ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯು, 50 ವರ್ಷದೊಳಗಿನವರ ಅಂಧತ್ವದಲ್ಲಿ ಶೇಕಡಾ 37.5ರಷ್ಟು ಪಾರಪಟಲದ ಕಲೆಯಿಂದ ಬಂದುದೆಂದು ತಿಳಿಸಿದೆ. ಪೊರೆಯು ಹೆಚ್ಚಾಗಿ ಮುಪ್ಪಿನ ವ್ಯಾಧಿಯಾದರೆ ಹೂವು ದುಡಿಯುವವರನ್ನೂ ಮಕ್ಕಳನ್ನೂ ಹಿಡಿಯುತ್ತದೆ.

ಕಲೆಗೊಂಡ ಪಾರಪಟಲವನ್ನು ತೆಗೆದು ಬೇರೊಂದನ್ನು ಹೊಲಿಯುವ ಯತ್ನಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ನಡೆದು ಬಹುತೇಕ ವಿಫಲವಾದವು. 1905ರ ಡಿಸೆಂಬರ್ 7ರಂದು, ಆಗ ಆಸ್ಟ್ರಿಯ-ಹಂಗೆರಿಗೆ ಸೇರಿದ್ದ ಓಲ್ಮುಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಸುಣ್ಣ ಸಿಡಿದು ಎರಡೂ ಕಣ್ಣುಗಳನ್ನು ಕಳೆದುಕೊಂಡಿದ್ದ ಒಬ್ಬ ಕೂಲಿಗಾರನಿಗೆ, ಪೆಟ್ಟು ಬಿದ್ದು ತೆಗೆಯಬೇಕಾಗಿದ್ದ ಬಾಲಕನೊಬ್ಬನ ಕಣ್ಣಿನಿಂದ ಪಾರಪಟಲವನ್ನು ತೆಗೆದು ಕಸಿಮಾಡಿದನು. ಒಂದು ಕಣ್ಣಿನ ಕಸಿ ತಿಳಿಯಾಗಿ ಉಳಿಯಿತು. ಮನುಷ್ಯನಲ್ಲಿ ಪೂರ್ಣಗಾತ್ರದ ಕಸಿ ನಿಂತುದು ಇದೇ ಮೊದಲು. ಬದುಕಿರುವವರ ಕಣ್ಣನ್ನೇ ನೆಚ್ಚಿಕೊಂಡ ಚಿಕಿತ್ಸೆ ವ್ಯಾಪಕವಾಗಲಾರದು. ಒಡೆಸ್ಸದ ವ್ಲಾದಿಮೀರ್ ಫಿಲಾಟೊವ್ 1930ರ ದಶಕದಲ್ಲಿ ಮೃತರ ಪಾರಪಟಲವೂ ಕಸಿಗೆ ಒದಗುವುದೆಂದು ತೋರಿಸಿದ ಮೇಲೆಯೇ ನೇತ್ರಭಂಡಾರಗಳಿಗೆ ಅರ್ಥ ಬಂದಿತು.

ಭಾರತದ ಮೊದಲ ನೇತ್ರಭಂಡಾರವು 1945ರಲ್ಲಿ ಮದರಾಸಿನ ಎಗ್ಮೂರಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಸ್ಥಾಪಿತವಾಯಿತು. ಇಲ್ಲಿ ಒಂದು ಸಂಗತಿ ಗಮನಾರ್ಹ. ಆ ವರ್ಷ ತೆಲಿಗಿಯು ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತಕ್ಕೇ ಸೇರಿದ್ದಿತು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದುದು 1953ರ ಅಕ್ಟೋಬರ್ 1ರಂದು. ಹೀಗೆ ದೇಶದ ಪ್ರಥಮ ನೇತ್ರಭಂಡಾರವು ತೆಲಿಗಿಯವರ ರಾಜಧಾನಿಯಲ್ಲಿಯೇ ಇದ್ದರೂ ಅದರಿಂದ ಆ ಊರಿಗೆ ಪ್ರಯೋಜನವಾಗುವಂತಿರಲಿಲ್ಲ. ಮರಣಾನಂತರ ಸುಮಾರು 6 ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕು. ಆಗಿನ ಕ್ರಮದಲ್ಲಿ ತಂಪಿನಲ್ಲಿಟ್ಟರೂ ಒಂದೆರಡು ದಿನಗಳೊಳಗೆ ಕಸಿಮಾಡಬೇಕು. ಮ್ಯಾಕ್‌ಕೇರಿ ಮತ್ತು ಕೌಫ್‌ಮನ್ ಎಂಬವರು 1974ರಲ್ಲಿ ಸಿದ್ಧಪಡಿಸಿದ ದ್ರಾವಣವು ಈ ಅವಧಿಯನ್ನು ನಾಲ್ಕು ದಿನಗಳವರೆಗೆ ವಿಸ್ತರಿಸಿತು. ಹಳ್ಳಿಯಲ್ಲಿ ಸತ್ತವರ ಕಣ್ಣು ನಗರವನ್ನು ಸಕಾಲಕ್ಕೆ ಮುಟ್ಟದು. ಹಳ್ಳಿಯ ಕುರುಡನೂ ಕಸಿಯ ಕರೆ ಬಂದಾಗ ಅಲ್ಲಿರಲಾರನು. ಆಡಳಿತದ ಗಡಿಗಳಿಗಿಂತ ಈ ಕಾಲಮಿತಿಯೇ ಚಿಕಿತ್ಸೆಯ ಭೂಗೋಲವನ್ನು ನಿರ್ಣಯಿಸಿತೆಂದು ಹೇಳಬಹುದು.

ಈ ಮಾತು ಪೊರೆಗೆ ಅನ್ವಯಿಸುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916-2005) ಊರೂರಿಗೆ ಹೋಗಿ ಶಿಬಿರಗಳಲ್ಲಿ ಅಸಂಖ್ಯಾತ ಜನರ ಪೊರೆ ತೆಗೆದರು. ಪೊರೆಯ ಶಸ್ತ್ರಕ್ರಿಯೆಗೆ ಮತ್ತೊಬ್ಬರ ದೇಹದಿಂದ ಏನನ್ನೂ ಪಡೆಯಬೇಕಾಗಿಲ್ಲವಾದುದರಿಂದ ಅದು ರೋಗಿಯಿದ್ದಲ್ಲಿಗೆ ಹೋಗಬಲ್ಲದು. ಹೂವಿನ ಶಸ್ತ್ರಕ್ರಿಯೆ ಹಾಗೆ ಹೋಗಲಾರದೆ ನಗರಗಳಲ್ಲಿಯೇ ಉಳಿಯಿತು.

ಇದರ ಜೊತೆಗೆ ಇನ್ನೊಂದು ತೊಡಕಿತ್ತು. ಸುಣ್ಣ, ಆಮ್ಲ, ಬೆಂಕಿಗಳಿಂದ ಸುಟ್ಟ ಕಣ್ಣುಗಳಲ್ಲಿ ಎಷ್ಟು ಚೆನ್ನಾಗಿ ಹೊಲಿದ ಕಸಿಯೂ ಕೆಲವೇ ತಿಂಗಳುಗಳಲ್ಲಿ ಮಬ್ಬಾಗುತ್ತಿದ್ದಿತು. ಕಾರಣವು ಪಾರಪಟಲದಲ್ಲಿರದೆ ಅದರ ಸುತ್ತಲಿನ ಅಂಚಿನಲ್ಲಿದ್ದಿತು. ಕಪ್ಪುಭಾಗವೂ ಬಿಳಿಭಾಗವೂ ಕೂಡುವ ಈ ಕಿರಿದಾದ ವಲಯಕ್ಕೆ ಲಿಂಬಸ್ ಎಂದು ಹೆಸರು. ಪಾರಪಟಲದ ಹೊರಪದರವು ಈ ಅಂಚಿನಿಂದಲೇ ಹೊಸದಾಗುತ್ತಿರಬೇಕೆಂದು ಡೇವಾಂಗರ್ ಮತ್ತು ಎವೆನ್ಸನ್ 1971ರಲ್ಲಿ ಸೂಚಿಸಿದರು. 1986ರಲ್ಲಿ ಷರ್ಮರ್, ಗ್ಯಾಲ್ವಿನ್ ಮತ್ತು ಸನ್ ಇವರು, ಪಕ್ವವಾದ ಪಾರಪಟಲಕೋಶಗಳ ಗುರುತಾದ ಒಂದು ಕೆರಾಟಿನ್ ಅಂಚಿನ ತಳದ ಕೋಶಗಳಲ್ಲಿ ಇಲ್ಲವೆಂಬುದನ್ನು ಕಂಡು, ಮೂಲವಾದ ಕಾಂಡಕೋಶಗಳು ಅಲ್ಲಿಯೇ ನೆಲಸಿವೆಯೆಂದು ಪ್ರತಿಪಾದಿಸಿದರು. ಕಸಿಮಾಡಿದ ಪಾರಪಟಲದ ಹೊರಪದರವು ಕ್ರಮೇಣ ಕಳಚಿಹೋಗಿ ರೋಗಿಯ ಸ್ವಂತ ಅಂಚಿನ ಕೋಶಗಳಿಂದ ತುಂಬಿಕೊಳ್ಳಬೇಕು. ಅಂಚೇ ಸುಟ್ಟುಹೋಗಿದ್ದರೆ ಬಿಳಿಭಾಗದ ಪೊರೆಯು ರಕ್ತನಾಳಗಳೊಡನೆ ಒಳನುಗ್ಗುತ್ತದೆ. ಬೀಜವಿಲ್ಲದ ಹೊಲದಲ್ಲಿ ಕಳೆ ಹಬ್ಬುವುದೂ ಹೀಗೆಯೇ.

ನಿದಾನವು ತಿಳಿದ ಮೇಲೆ ಚಿಕಿತ್ಸೆಯೂ ಬದಲಾಯಿತು. 1989ರಲ್ಲಿ ಕೆನ್ಯಾನ್ ಮತ್ತು ತ್ಸೆಂಗ್ ಎಂಬವರು ಒಳ್ಳೆಯ ಕಣ್ಣಿನ ಅಂಚಿನಿಂದ ದೊಡ್ಡ ತುಂಡುಗಳನ್ನು ತೆಗೆದು ಸುಟ್ಟ ಕಣ್ಣಿಗೆ ಕೂಡಿಸಿದ ಫಲಿತಾಂಶಗಳನ್ನು ಪ್ರಕಟಿಸಿದರು. ಇರುವ ಒಂದು ಕಣ್ಣಿಗೂ ಹಾನಿಯಾಗಬಹುದೆಂಬ ಭಯ ಇದರಲ್ಲಿತ್ತು. ಚರ್ಮದ ಕೋಶಗಳನ್ನು ದೇಹದ ಹೊರಗೆ ಬೆಳೆಸುವ ವಿಧಾನವನ್ನು ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿಯೇ ಸಾಧಿಸಿದ್ದರು. ಅದನ್ನು ಅನುಸರಿಸಿ ಇಟಲಿಯ ಗ್ರಾಜಿಯೆಲ್ಲ ಪೆಲ್ಲೆಗ್ರೀನಿ ಮತ್ತು ಸಂಗಡಿಗರು ಕಿರಿದಾದ ಅಂಚಿನ ತುಣುಕಿನಿಂದ ಪ್ರಯೋಗಶಾಲೆಯಲ್ಲಿ ಕೋಶಗಳ ಹಾಳೆ ಬೆಳೆಸಿ ಇಬ್ಬರು ರೋಗಿಗಳ ಕಣ್ಣಿಗೆ ಹೊದಿಸಿದರು. ಇದು 1997ರಲ್ಲಿ ಪ್ರಕಟವಾಯಿತು. 112 ರೋಗಿಗಳ ಮೇಲಿನ ಇಟಲಿಯ ವರದಿಯು 2010ರಲ್ಲಿ ಹೊರಬಂದು, ಶೇಕಡಾ 76.6 ಕಣ್ಣುಗಳಲ್ಲಿ ತಿಳಿಯಾದ ಮೇಲ್ಮೈ ಸ್ಥಿರವಾಗಿ ನಿಂತಿತೆಂದು ತಿಳಿಸಿತು. 2015ರಲ್ಲಿ ಐರೋಪ್ಯ ಒಕ್ಕೂಟವು ಈ ಚಿಕಿತ್ಸೆಗೆ ಷರತ್ತಿನ ಅನುಮತಿಯನ್ನು ನೀಡಿತು.

ನಮ್ಮ ನೆರೆಯ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯಲ್ಲಿ ಇದೇ ಕೆಲಸವು 2001ರಿಂದ ನಡೆಯಿತು. ಅಲ್ಲಿ ಇಲಿಯ ಪೋಷಕಕೋಶಗಳ ನೆರವಿಲ್ಲದೆ, ಬಾಣಂತಿಯ ಗರ್ಭಚೀಲದ ಒಳಪೊರೆಯ ಮೇಲೆ ಕೋಶಗಳನ್ನು ಬೆಳೆಸಿದರು. 200 ರೋಗಿಗಳಲ್ಲಿ ಶೇಕಡಾ 71ರಷ್ಟು ಮಂದಿಗೆ ಗುಣವಾದುದು 2011ರ ವರದಿಯಿಂದ ತಿಳಿದುಬರುತ್ತದೆ. ಆದರೆ ಇಂತಹ ಪ್ರಯೋಗಶಾಲೆಯನ್ನು ನಡೆಸುವುದು ಬಲು ವೆಚ್ಚದ ಕಾರ್ಯ. ವೀರೇಂದ್ರ ಸಂಗ್ವಾನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಈ ಪ್ರಯೋಗಶಾಲೆಯೇ ಬೇಕಾಗಿಲ್ಲ. ಒಳ್ಳೆಯ ಕಣ್ಣಿನಿಂದ 2 ಮಿಲಿಮೀಟರ್ ಉದ್ದಗಲದ ಅಂಚಿನ ತುಣುಕನ್ನು ತೆಗೆದು, ಚೂರುಮಾಡಿ, ಸುಟ್ಟ ಕಣ್ಣಿಗೆ ಹೊದಿಸಿದ ಒಳಪೊರೆಯ ಮೇಲೆ ಫೈಬ್ರಿನ್ ಅಂಟಿನಿಂದ ಕೂಡಿಸುತ್ತಾರೆ. ಕೋಶಗಳು ಕಣ್ಣಿನ ಮೇಲೆಯೇ ಸಸಿಯೊಡೆದು ಹಬ್ಬುತ್ತವೆ. ಮೊದಲ ಆರು ಕಣ್ಣುಗಳಲ್ಲಿ ಆರು ವಾರಗಳೊಳಗೆ ಮೇಲ್ಮೈ ಸರಿಹೋಯಿತು. 2016ರ ವರದಿಯಂತೆ 125 ಕಣ್ಣುಗಳಲ್ಲಿ ಶೇಕಡಾ 76ರಷ್ಟು ಫಲಿಸಿದವು. ಪ್ರಯೋಗಶಾಲೆಯ ಚಿಕಿತ್ಸೆಗೆ ಸರಿಗಟ್ಟುವ ಫಲವು ಸಾಮಾನ್ಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಸಾಧ್ಯವೆಂಬುದು ಇದರಿಂದ ಸ್ಪಷ್ಟವಾಯಿತು.

ಕರ್ನಾಟಕದಲ್ಲಿ ಈ ವಿಚಾರವು ಜನಸಾಮಾನ್ಯರ ಗಮನಕ್ಕೆ ಬಂದುದು ಒಂದು ದುಃಖದ ಪ್ರಸಂಗದಲ್ಲಿ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ದಾನಮಾಡಲಾಯಿತು. ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು 2006ರಲ್ಲಿ ಹೀಗೆಯೇ ದಾನವಾಗಿದ್ದವು. ಡಾ. ಭುಜಂಗ ಶೆಟ್ಟಿಯವರ ನೇತೃತ್ವದ ವೈದ್ಯರು ಪ್ರತಿಯೊಂದು ಪಾರಪಟಲವನ್ನೂ ಸೀಳಿ, ಮೇಲಿನ ಪದರವನ್ನು ಒಬ್ಬರಿಗೂ ಒಳಗಿನ ಪದರವನ್ನು ಮತ್ತೊಬ್ಬರಿಗೂ ಕೂಡಿಸಿ ಒಟ್ಟು ನಾಲ್ವರಿಗೆ ದೃಷ್ಟಿ ನೀಡಿದರು. ಈ ಕಸಿಗಳಿಗೆ ಬೇಕಾಗದೆ ಉಳಿದ ಅಂಚನ್ನು, ಅದರಿಂದ ಪ್ರೇರಿತ ಕಾಂಡಕೋಶಗಳನ್ನು ಪಡೆಯುವ ಉದ್ದೇಶದಿಂದ, ಸಂಸ್ಥೆಯ ಸಂಶೋಧನಾಲಯಕ್ಕೆ ಕಳುಹಿಸಿರುವುದಾಗಿ ಆಸ್ಪತ್ರೆಯು ಪ್ರಕಟಿಸಿತು. ಹಿಂದೆ ಎರಡು ಕಣ್ಣುಗಳಿಂದ ಇಬ್ಬರಿಗೆ ಉಪಕಾರವಾಗುತ್ತಿದ್ದಿತು. ಇಲ್ಲಿ ನಾಲ್ವರಿಗಾಗಿ, ಅಂಚೂ ವ್ಯರ್ಥವಾಗಲಿಲ್ಲ. ಜಪಾನಿನ ಒಸಾಕದಲ್ಲಿ ಇಂತಹ ಪ್ರೇರಿತ ಕೋಶಗಳಿಂದ ಬೆಳೆಸಿದ ಹೊರಪದರವನ್ನು 2019ರಲ್ಲಿ ಮೊದಲ ಬಾರಿಗೆ ರೋಗಿಗೆ ಕೂಡಿಸಿದರು. ನಾಲ್ವರು ರೋಗಿಗಳ ಫಲಿತಾಂಶವು 2024ರಲ್ಲಿ ಪ್ರಕಟವಾಯಿತು. ಇದಿನ್ನೂ ಪರೀಕ್ಷೆಯ ಹಂತದ ವಿದ್ಯೆ.

ಈ ಚರಿತ್ರೆಯಿಂದ ಕೋಶಚಿಕಿತ್ಸೆಯು ನೇತ್ರದಾನವನ್ನು ಅನವಶ್ಯಕಗೊಳಿಸಿತೆಂದು ತಿಳಿಯುವುದು ಸರಿಯಲ್ಲ. ಅಂಚಿನ ಕೋಶಗಳು ಮೇಲ್ಮೈಯನ್ನು ಮಾತ್ರ ಸರಿಪಡಿಸುತ್ತವೆ. ಆಳದ ಕಲೆಗೆ ಇಂದಿಗೂ ದಾನಿಯ ಪಾರಪಟಲವೇ ಬೇಕು. ಎರಡೂ ಕಣ್ಣು ಸುಟ್ಟವರಿಗೆ ಅಂಚನ್ನೂ ಬಂಧುಗಳಿಂದಲೋ ಮೃತರಿಂದಲೋ ಪಡೆಯಬೇಕಾಗಬಹುದು. ಸಂಗ್ವಾನರ ಕ್ರಮವು ಫಲಿಸುವುದು ಒಂದು ಕಣ್ಣಾದರೂ ಉಳಿದವರಲ್ಲಿ; ಅವರಿಗೆ ಬೇಕಾದ ಬೀಜ ಅವರಲ್ಲಿಯೇ ಇದೆ, ಕಾಲಮಿತಿಯ ಬಾಧೆಯಿಲ್ಲ.

ತೆಲಿಗಿಯು 1997ರಲ್ಲಿ ತನ್ನ ತಾಲ್ಲೂಕಿನೊಡನೆ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬಳ್ಳಾರಿಯಲ್ಲಿ 1961ರಿಂದ, ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜುಗಳಿವೆ. ಪ್ರಯೋಗಶಾಲೆಯನ್ನು ಬೇಡದ ಕೋಶಚಿಕಿತ್ಸೆಯನ್ನು ಕಲಿತ ವೈದ್ಯರು ಇಂತಹ ಊರುಗಳಲ್ಲಿ ನೆಲೆಸುವುದು ಅಸಾಧ್ಯವಾದ ಮಾತಲ್ಲ. ಶಿಕ್ಷಣ ಪಡೆದ ತಂತ್ರಜ್ಞರೂ ಪಾರಪಟಲವನ್ನು ತೆಗೆಯಬಹುದೆಂದು ಅಂಗಕಸಿ ಕಾನೂನಿಗೆ 2011ರಲ್ಲಿ ಆದ ತಿದ್ದುಪಡಿಯು ಅವಕಾಶಮಾಡಿಕೊಟ್ಟಿದೆ. ಆದುದರಿಂದ 1945ರಲ್ಲಿ ಎಗ್ಮೂರಿಗೂ ತೆಲಿಗಿಗೂ ನಡುವೆ ಇದ್ದ ದೂರವನ್ನು ಕಡಿಮೆಮಾಡುವ ಸಾಧನಗಳು ಈಗ ಕೈಗೆಟುಕಿವೆ. ಅವುಗಳನ್ನು ತಾಲ್ಲೂಕಿನ ಮಟ್ಟಕ್ಕೆ ತರುವ ಕಾರ್ಯ ಮಾತ್ರ ಉಳಿದಿದೆ. ಅದು ಆಗುವವರೆಗೆ, ಮೆಕ್ಕೆಜೋಳದ ಗರಿ ತಾಗಿದ ಕಣ್ಣನ್ನು ಸೊಪ್ಪಿನ ರಸಕ್ಕೆ ಒಡ್ಡದೆ ಅದೇ ದಿನ ವೈದ್ಯರಲ್ಲಿಗೆ ಕಳುಹಿಸುವ ತಿಳಿವಳಿಕೆಯೇ ಹೂವಿಗೆ ಅತ್ಯಂತ ಸುಲಭವಾದ ಪ್ರತೀಕಾರವೆಂದು ನಾವು ಭಾವಿಸುತ್ತೇವೆ.