13 ವರ್ಷದ ಮಕ್ಕಳು ಐಸ್ ಮೇಲೆ ಹಾರಿ ನಾಲ್ಕು ಸುತ್ತು ತಿರುಗುವುದು ಹೇಗೆ? ಇದು ಪವಾಡವೇ, ವಿಜ್ಞಾನವೇ?

ಪುಟ್ಟ ಹುಡುಗಿಯೊಬ್ಬಳು ಐಸ್ ಮೇಲೆ ಜಾರುತ್ತಾ ಬಂದು, ಗಾಳಿಗೆ ಹಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ಇಂತಹ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಬರುವ ಸಾಲುಗಳು ಸಾಮಾನ್ಯವಾಗಿ ಎರಡು ಬಗೆ. "ಇದು ದೈವದತ್ತ ಪ್ರತಿಭೆ" ಎನ್ನುವುದು ಒಂದು, "ವಿಡಿಯೋ ಸ್ಪೀಡ್ ಹೆಚ್ಚಿಸಿದ್ದಾರೆ" ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ನಿಜ ಏನೆಂದು ತಿಳಿಯಲು 2018-19ರ ಜೂನಿಯರ್ ಗ್ರ್ಯಾಂಡ್ ಪ್ರಿ ಸೀಸನ್ ಒಳ್ಳೆಯ ಉದಾಹರಣೆ.

ಜೂನಿಯರ್ ಗ್ರ್ಯಾಂಡ್ ಪ್ರಿ ಎಂದರೇನು?

ನಮ್ಮ ಊರುಗಳಲ್ಲಿ ಸ್ಕೇಟಿಂಗ್ ಎಂದರೆ ಹೆಚ್ಚಾಗಿ ಚಕ್ರದ ಶೂ. ಫಿಗರ್ ಸ್ಕೇಟಿಂಗ್‌ನಲ್ಲಿ ಶೂ ಕೆಳಗೆ ಉಕ್ಕಿನ ಬ್ಲೇಡ್ ಇರುತ್ತದೆ. ಸಂಗೀತಕ್ಕೆ ತಕ್ಕಂತೆ ಐಸ್ ಮೇಲೆ ಜಿಗಿತ, ಗಿರಕಿ, ಹೆಜ್ಜೆಗಳನ್ನು ಪ್ರದರ್ಶಿಸಬೇಕು. ಈ ಕ್ರೀಡೆಯ ಕಿರಿಯರಿಗಾಗಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ (ಐಎಸ್‌ಯು) 1997ರಿಂದ ನಡೆಸುತ್ತಿರುವ ಸರಣಿಯೇ ಜೂನಿಯರ್ ಗ್ರ್ಯಾಂಡ್ ಪ್ರಿ.

2018ರಲ್ಲಿ ಇದರ ಏಳು ಸ್ಪರ್ಧೆಗಳು ಬ್ರಾಟಿಸ್ಲಾವಾ, ಲಿಂಜ್, ಕೌನಸ್, ಕೆನಡಾದ ರಿಚ್ಮಂಡ್, ಒಸ್ಟ್ರಾವಾ, ಲ್ಯುಬ್ಲಿಯಾನಾ ಮತ್ತು ಯೆರೆವಾನ್ ನಗರಗಳಲ್ಲಿ ನಡೆದವು. ಸಿಂಗಲ್ಸ್‌ನಲ್ಲಿ ಆಡಲು ಆ ವರ್ಷದ ಜುಲೈ 1ಕ್ಕೆ ಮೊದಲು 13 ತುಂಬಿರಬೇಕು, 19 ತುಂಬಿರಬಾರದು. ಒಬ್ಬರು ಹೆಚ್ಚೆಂದರೆ ಎರಡು ಸ್ಪರ್ಧೆಗಳಲ್ಲಿ ಆಡಬಹುದು. ಗೆದ್ದವರಿಗೆ 15 ಪಾಯಿಂಟ್, ಎರಡನೆಯವರಿಗೆ 13, ಮೂರನೆಯವರಿಗೆ 11, ಹೀಗೆ ಹತ್ತನೇ ಸ್ಥಾನದವರೆಗೆ. ಪ್ರತಿ ವಿಭಾಗದಲ್ಲಿ ಮೊದಲ ಆರು ಸ್ಥಾನದವರು ಫೈನಲ್‌ಗೆ ಹೋಗುತ್ತಾರೆ. ಆ ಸಲದ ಫೈನಲ್ ಡಿಸೆಂಬರ್‌ನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆಯಿತು.

ಆ ಸೀಸನ್‌ನಲ್ಲಿ ಏನಾಯಿತು?

2018ರ ಅಕ್ಟೋಬರ್‌ನಲ್ಲಿ ಅರ್ಮೇನಿಯಾದ ಯೆರೆವಾನ್‌ನಲ್ಲಿ ರಷ್ಯಾದ ಅಲೆಕ್ಸಾಂಡ್ರಾ ಟ್ರುಸೋವಾ ಕ್ವಾಡ್ ಲುಟ್ಜ್ ಎಂಬ ನಾಲ್ಕು ಸುತ್ತಿನ ಜಿಗಿತವನ್ನು ಯಶಸ್ವಿಯಾಗಿ ಮುಗಿಸಿದರು. ಅದುವರೆಗೆ ಯಾವ ಮಹಿಳೆಯೂ, ಸೀನಿಯರ್ ಮಟ್ಟದಲ್ಲೂ, ಸ್ಪರ್ಧೆಯಲ್ಲಿ ಅದನ್ನು ಮಾಡಿರಲಿಲ್ಲ. ಟ್ರುಸೋವಾಗೆ ಆಗ 14 ವರ್ಷ. ಫೈನಲ್‌ನಲ್ಲಿ ಬಾಲಕರ ಚಿನ್ನ ಗೆದ್ದ ಕೆನಡಾದ ಸ್ಟೀಫನ್ ಗೊಗೊಲೆವ್‌ಗೆ 13 ವರ್ಷ. ಅವರೂ ಕ್ವಾಡ್ ಜಿಗಿತಗಳಿಗೆ ಹೆಸರಾದವರು.

ಇದು ಆಗ ಹೊಸದಾಗಿ ಶುರುವಾದದ್ದೂ ಅಲ್ಲ. ಮಹಿಳೆಯರ ಮೊಟ್ಟಮೊದಲ ಮಾನ್ಯ ಕ್ವಾಡ್ ದಾಖಲಾದದ್ದು 2002ರ ಜೂನಿಯರ್ ಗ್ರ್ಯಾಂಡ್ ಪ್ರಿ ಫೈನಲ್‌ನಲ್ಲಿ. ಮಾಡಿದವರು ಜಪಾನಿನ ಮಿಕಿ ಆಂಡೊ, ವಯಸ್ಸು 14.

ದೊಡ್ಡವರಿಗೆ ಕಷ್ಟವಾದದ್ದು ಮಕ್ಕಳಿಗೆ ಹೇಗೆ ಸಾಧ್ಯ?

ತಿರುಗುವ ಆಫೀಸ್ ಕುರ್ಚಿಯಲ್ಲಿ ಕೈ ಚಾಚಿ ಕುಳಿತು ಯಾರಿಂದಲಾದರೂ ತಿರುಗಿಸಿಕೊಳ್ಳಿ. ನಂತರ ಕೈಗಳನ್ನು ಎದೆಗೆ ಒತ್ತಿಕೊಳ್ಳಿ. ಯಾರೂ ತಳ್ಳದಿದ್ದರೂ ಕುರ್ಚಿ ಜೋರಾಗಿ ತಿರುಗುತ್ತದೆ. ದೇಹದ ತೂಕ ತಿರುಗುವ ಅಕ್ಷದ ಹತ್ತಿರ ಬಂದಷ್ಟೂ ವೇಗ ಹೆಚ್ಚುತ್ತದೆ. ಇದೇ ಕೋನೀಯ ಸಂವೇಗದ ಸಂರಕ್ಷಣೆ.

ಸ್ಕೇಟರ್ ಗಾಳಿಯಲ್ಲಿರುವುದು ಸುಮಾರು 0.6ರಿಂದ 0.7 ಸೆಕೆಂಡ್ ಮಾತ್ರ. 0.6 ಸೆಕೆಂಡ್ ಗಾಳಿಯಲ್ಲಿರಲು ಸುಮಾರು 44 ಸೆಂ.ಮೀ. ಎತ್ತರಕ್ಕೆ ಜಿಗಿಯಬೇಕು. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಯಬೇಕಾದರೆ ಸೆಕೆಂಡಿಗೆ ಐದು ಸುತ್ತಿಗೂ ಹೆಚ್ಚು ವೇಗ ಬೇಕು. ಅಂದರೆ ನಿಮಿಷಕ್ಕೆ 300ಕ್ಕೂ ಹೆಚ್ಚು ಸುತ್ತು! ನಿಮ್ಮ ಮನೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುವುದು ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ನಿಜವಾದ ವಿಡಿಯೋ ಕೂಡ ಸ್ಪೀಡ್ ಹೆಚ್ಚಿಸಿದಂತೆ ಕಾಣುತ್ತದೆ.

ಇಲ್ಲಿ ಸಣ್ಣ ದೇಹಕ್ಕೆ ಲಾಭವಿದೆ. ಭುಜ ಮತ್ತು ಸೊಂಟ ಕಿರಿದಾಗಿದ್ದರೆ ತೂಕ ಅಕ್ಷದ ಹತ್ತಿರವೇ ಇರುತ್ತದೆ. ತೂಕ ಅಷ್ಟೇ ಇದ್ದು ದೇಹ 10% ಅಗಲವಾದರೆ, ತಿರುಗುವಿಕೆಗೆ ಅದು ಒಡ್ಡುವ ಪ್ರತಿರೋಧ ಸುಮಾರು 21% ಹೆಚ್ಚುತ್ತದೆ. ಏಕೆಂದರೆ ಇದು ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹುಡುಗಿಯರ ದೇಹ ಪ್ರಾಯಕ್ಕೆ ಬಂದಾಗ ಬದಲಾಗುವುದರಿಂದ 13-14ರಲ್ಲಿ ಬಂದ ಜಿಗಿತ 16-17ರಲ್ಲಿ ಕೈತಪ್ಪಬಹುದು. ಅದು ಸೋಮಾರಿತನವಲ್ಲ, ಬೆಳವಣಿಗೆ.

ಹಾಗಾದರೆ ತೊಂದರೆ ಏನು?

ಇಂತಹ ಜಿಗಿತದಿಂದ ಇಳಿಯುವಾಗ ಒಂದೇ ಕಾಲಿನ ಮೇಲೆ ದೇಹತೂಕದ ಐದು ಪಟ್ಟಿಗೂ ಹೆಚ್ಚು ಬಲ ಬೀಳಬಹುದು. ನಾವು ವಿಡಿಯೋದಲ್ಲಿ ನೋಡುವುದು ಒಂದೇ ಜಿಗಿತ. ಅದರ ಹಿಂದೆ ಅಭ್ಯಾಸದಲ್ಲಿ ಹಾರಿದ, ಬಿದ್ದ ಲೆಕ್ಕವಿಲ್ಲದಷ್ಟು ಜಿಗಿತಗಳಿರುತ್ತವೆ.

"ಮಕ್ಕಳ ಮೂಳೆ ರಬ್ಬರ್ ಇದ್ದಂತೆ, ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ಮಕ್ಕಳ ಮೂಳೆ ಸ್ವಲ್ಪ ಬಾಗುತ್ತದೆ, ಬೇಗ ಕೂಡುತ್ತದೆ, ನಿಜ. ಆದರೆ ಮೂಳೆಯ ತುದಿಗಳ ಹತ್ತಿರ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದಲೇ, ಬೇಗ ಪೆಟ್ಟಾಗುವುದೂ ಅಲ್ಲಿಯೇ. ಒಂದೇ ಹೊಡೆತ ಮತ್ತೆಮತ್ತೆ ಬಿದ್ದರೆ ಮೂಳೆಯಲ್ಲಿ ಕೂದಲೆಳೆಯಂತಹ ಬಿರುಕು ಮೂಡಬಹುದು.

ಇದಕ್ಕಿಂತ ಕಣ್ಣಿಗೆ ಕಾಣದ ಅಪಾಯ ಊಟದ್ದು. ಹಗುರವಾಗಿ ಉಳಿಯಲು ಕಡಿಮೆ ತಿಂದು ಹೆಚ್ಚು ಅಭ್ಯಾಸ ಮಾಡಿದರೆ ದೇಹಕ್ಕೆ ಬೇಕಾದ ಶಕ್ತಿ ಸಾಲದೆ ಹಾರ್ಮೋನುಗಳು ಏರುಪೇರಾಗುತ್ತವೆ. ಹುಡುಗಿಯರಲ್ಲಿ ಮುಟ್ಟು ನಿಲ್ಲಬಹುದು. ಜೀವನಪೂರ್ತಿ ಬಳಸುವ ಮೂಳೆಯ ಗಟ್ಟಿತನದ ದೊಡ್ಡ ಪಾಲು ಕೂಡಿಬರುವುದು ಹದಿಹರೆಯದಲ್ಲೇ. ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಿಸುತ್ತಾರೆ?

ಉತ್ತರ ಅಂಕಪಟ್ಟಿಯಲ್ಲಿದೆ. 2018-19ರಲ್ಲಿ ಮೂರು ಸುತ್ತಿನ ಲುಟ್ಜ್‌ಗೆ ಮೂಲ ಅಂಕ 5.90. ನಾಲ್ಕು ಸುತ್ತಿನದಕ್ಕೆ 11.50. ಒಂದು ಸುತ್ತು ಹೆಚ್ಚಾದರೆ ಅಂಕ ಹೆಚ್ಚುಕಡಿಮೆ ದುಪ್ಪಟ್ಟು. ಎಳೆಯ ವಯಸ್ಸಿನಲ್ಲೇ ಕ್ವಾಡ್ ಕಲಿಸಿದರೆ ಗೆಲುವು ಹತ್ತಿರ ಎಂಬ ಲೆಕ್ಕಾಚಾರ ಹುಟ್ಟಲು ಇಷ್ಟು ಸಾಕು.

ಆದರೆ ಆ ಲೆಕ್ಕ ಎಲ್ಲಾ ಸಲವೂ ಸರಿಬರಲಿಲ್ಲ. ವ್ಯಾಂಕೂವರ್ ಫೈನಲ್‌ನಲ್ಲಿ ಟ್ರುಸೋವಾಗೆ ಸಿಕ್ಕಿದ್ದು ಬೆಳ್ಳಿ. ಚಿನ್ನ ಗೆದ್ದ ಅಲ್ಯೋನಾ ಕೊಸ್ಟೊರ್ನಾಯಾ ಒಂದೂ ಕ್ವಾಡ್ ಮಾಡಲಿಲ್ಲ. ತೀರ್ಪುಗಾರರು ಪ್ರತಿ ಜಿಗಿತ, ಗಿರಕಿಯ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಅಂಕ ಕೊಡುತ್ತಾರೆ. ಬ್ಲೇಡ್ ಮೇಲಿನ ಹಿಡಿತ, ಸಂಗೀತದ ಜೊತೆಗಿನ ಹೊಂದಾಣಿಕೆಗೂ ಪ್ರತ್ಯೇಕ ಅಂಕವಿದೆ. ಅವರು ಗೆದ್ದದ್ದು ಅಲ್ಲಿ.

ನಿಯಮ ಬದಲಾಯಿತೇ?

ಹೌದು, ಸೀನಿಯರ್ ಮಟ್ಟದಲ್ಲಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 15 ವರ್ಷದ ಕಮಿಲಾ ವಲಿಯೆವಾ ಅವರ ಡೋಪಿಂಗ್ ಪ್ರಕರಣ ಮಕ್ಕಳ ಮೇಲಿನ ಒತ್ತಡದ ಚರ್ಚೆಯನ್ನು ಕಾವೇರಿಸಿತು. ಅದೇ ವರ್ಷದ ಜೂನ್‌ನಲ್ಲಿ ಥಾಯ್ಲೆಂಡಿನ ಫುಕೆಟ್‌ನಲ್ಲಿ ಸೇರಿದ ಐಎಸ್‌ಯು ಸಭೆ ಸೀನಿಯರ್ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿತು. ಪರವಾಗಿ 100 ಮತ, ವಿರುದ್ಧ 16. 2023-24ರಲ್ಲಿ 16, 2024-25ರಿಂದ 17 ಎಂದು ಎರಡು ಹಂತಗಳಲ್ಲಿ ಇದು ಜಾರಿಗೆ ಬಂತು. ದೇಹ ಬೆಳೆಯುವ ಮೊದಲೇ ಎಲ್ಲವನ್ನೂ ಗೆದ್ದು ಮುಗಿಸುವ ಆತುರ ತಗ್ಗಲಿ ಎಂಬುದು ಆಶಯ.

"14ಕ್ಕೆ ಗೆಲ್ಲದಿದ್ದರೆ ಮುಗಿಯಿತು" ನಿಜವೇ?

ಇಲ್ಲ. ಜಪಾನಿನ ಕಓರಿ ಸಕಮೊಟೊ ಕ್ವಾಡ್ ಇಲ್ಲದೆಯೇ 2022, 2023 ಮತ್ತು 2024ರಲ್ಲಿ ವಿಶ್ವ ಚಾಂಪಿಯನ್ ಆದರು. ಅಮೆರಿಕದ ಅಲಿಸಾ ಲಿಯು 2019ರಲ್ಲಿ, 14ನೇ ವಯಸ್ಸಿನಲ್ಲಿ, ಜೂನಿಯರ್ ಗ್ರ್ಯಾಂಡ್ ಪ್ರಿಯಲ್ಲಿ ಕ್ವಾಡ್ ಲುಟ್ಜ್ ಮಾಡಿದರು. 16ಕ್ಕೆ ನಿವೃತ್ತಿ ಘೋಷಿಸಿದರು. ಎರಡು ವರ್ಷದ ನಂತರ ತಾವಾಗಿಯೇ ಮರಳಿ ಬಂದು, 2025ರಲ್ಲಿ 19ನೇ ವಯಸ್ಸಿಗೆ, ಕ್ವಾಡ್ ಇಲ್ಲದೆಯೇ ವಿಶ್ವ ಚಾಂಪಿಯನ್ ಆದರು.

ನಮ್ಮ ಮಕ್ಕಳ ವಿಷಯದಲ್ಲಿ ಏನು ಗಮನಿಸಬೇಕು?

ಸ್ಕೇಟಿಂಗ್, ಜಿಮ್ನಾಸ್ಟಿಕ್ಸ್, ನೃತ್ಯ, ಓಟ ಯಾವುದೇ ಇರಲಿ, ಹೆಚ್ಚಿನ ತರಬೇತಿ ಪಡೆಯುವ ಮಕ್ಕಳಲ್ಲಿ ಇವು ಕಂಡರೆ ವೈದ್ಯರನ್ನು ಕಾಣಿ:

• ವಿಶ್ರಾಂತಿ ಪಡೆದರೂ ಹೋಗದ, ಒಂದೇ ಜಾಗದ ಮೂಳೆ ನೋವು
• ಮೂರು ತಿಂಗಳು ಮುಟ್ಟು ನಿಲ್ಲುವುದು, ಅಥವಾ 15 ತುಂಬಿದರೂ ಶುರುವಾಗದಿರುವುದು
• ತೂಕದ ಭಯದಿಂದ ಊಟ ಬಿಡುವುದು
• ಮತ್ತೆಮತ್ತೆ ಗಾಯ, ಸದಾ ಸುಸ್ತು

ಆಟ ಮಕ್ಕಳ ಮೂಳೆಗೆ ಒಳ್ಳೆಯದೇ. ಸಾಕಷ್ಟು ಊಟ, ನಿದ್ದೆ, ವಾರಕ್ಕೊಂದೆರಡು ದಿನದ ಬಿಡುವು ಜೊತೆಗಿರಬೇಕು, ಅಷ್ಟೇ.

ಇಂತಹ ವಿಡಿಯೋ ಮತ್ತೆ ಬಂದರೆ ಖಂಡಿತ ನೋಡಿ, ಮೆಚ್ಚಿ, ಹಂಚಿ. "ನೋಡು, ನಿನ್ನ ವಯಸ್ಸಿನವಳೇ" ಎಂಬ ಸಾಲನ್ನು ಮಾತ್ರ ಸೇರಿಸಿ ಮಗಳಿಗೆ ಕಳಿಸಬೇಡಿ.